ಹತ್ತನೇ ಹುಡುಗನನ್ನು ಸೇರಿಸ್ಕೊಳ್ಳೋದಾ, ಬೇಡ್ವಾ? ಕನಿಷ್ಠ ವೇತನ, ಇಎಸ್‌ಐ, ಜಿಎಸ್‌ಟಿ ಗೊತ್ತಿರೋರು ಸ್ವಲ್ಪ ಹೇಳಿ

ಪೀಣ್ಯ ಮಿಲ್ಲಿಂಗ್:
ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಎರಡು ವಿಎಂಸಿ (ಕಂಪ್ಯೂಟರ್‌ನಿಂದ ಓಡೋ ಮಿಲ್ಲಿಂಗ್ ಮಿಷನ್), ಒಂದು ಸಿಎನ್‌ಸಿ ಲೇತ್, ಮೂಲೆಯಲ್ಲಿ ಒಂದು ಹಳೇ ರೇಡಿಯಲ್ ಡ್ರಿಲ್. ಬರೀ ಜಾಬ್ ವರ್ಕ್. ಮೆಟೀರಿಯಲ್ ಆರ್ಡರ್ ಕೊಡೋ ಪಾರ್ಟಿಯದು, ಮಿಷನ್ ನಮ್ದು. ಒಂಬತ್ತು ಜನ ಇದಾರೆ. ಇಬ್ಬರು ಆಪರೇಟರ್‌ಗಳಿಗೆ 24,000, ಉಳಿದ ಏಳು ಜನಕ್ಕೆ ಒಟ್ಟು 1,19,000 ಆಗುತ್ತೆ. ಬೆಳಿಗ್ಗೆ ಒಬ್ಬ ಆಯಮ್ಮ ಬಂದು ಲೋಹದ ಚೂರು ಗುಡಿಸಿ, ಚೆಲ್ಲಿದ ಕೂಲೆಂಟ್ ಒರೆಸಿ ಹೋಗ್ತಾರೆ, ಅವರಿಗೆ 4,000.

ಈಗ ಒಂದು ಹೊಸ ಆರ್ಡರ್ ಬಂದಿದೆ, ಡಿಬರಿಂಗ್ (ಕತ್ತರಿಸಿದ ಲೋಹದ ಅಂಚು ಉಜ್ಜಿ ನಯ ಮಾಡೋದು) ಜಾಸ್ತಿ ಇದೆ. ಒಬ್ಬ ಹುಡುಗ ಬೇಕೇ ಬೇಕು, 15,500 ಕೊಡೋಣ ಅಂತಿದ್ದೆ. ಆದ್ರೆ ಹತ್ತು ಜನ ಆದ್ರೆ ಇಎಸ್‌ಐ, ಅಂದ್ರೆ ಕೆಲಸಗಾರರ ಆರೋಗ್ಯ ವಿಮೆ, ಬರುತ್ತೆ. ಒಮ್ಮೆ ಒಳಗೆ ಹೋದ್ರೆ ಆಮೇಲೆ ಎಂಟು ಜನಕ್ಕೆ ಇಳಿದ್ರೂ ಬಿಡಲ್ಲ ಅಂತಾರೆ. ಮೇಲಿಂದ 2025ರ ಏಪ್ರಿಲ್‌ನಲ್ಲಿ ಸರ್ಕಾರ ಬಿಟ್ಟ ಕನಿಷ್ಠ ವೇತನದ ಕರಡು ನೋಡಿದಾಗಿಂದ ಎದೆ ಡವಡವ. ಅದರಲ್ಲಿ ಅತಿ ಕೆಳಗಿನ ಮೆಟ್ಟಿಲೇ 19 ಸಾವಿರದ ಮೇಲಿತ್ತು. ತೆರಿಗೆ ಇವ್ರೇ ಹಾಕ್ತಾರೆ, ಸಂಬಳ ಇಷ್ಟು ಕೊಡು ಅಂತ ಇವ್ರೇ ಹೇಳ್ತಾರೆ, ಆಮೇಲೆ ಉದ್ಯೋಗ ಯಾಕೆ ಸೃಷ್ಟಿ ಆಗ್ತಿಲ್ಲ ಅಂತಾನೂ ಇವ್ರೇ ಕೇಳ್ತಾರೆ. ನಾನೇನು ಮಾಡ್ಲಿ?

ಗುಬ್ಬಿ ಮಂಜ:
ಹುಡುಗ ಬೇಡ ಗುರು, ಡಿಬರಿಂಗ್ ಮಿಷನ್ ತಗೋ. ಮಿಷನ್ ಹಬ್ಬಕ್ಕೆ ಊರಿಗೆ ಹೋಗಲ್ಲ.

ಪೀಣ್ಯ ಮಿಲ್ಲಿಂಗ್:
ಮಿಷನ್‌ಗೆ ಇಎಂಐ ಯಾರ್ ಕಟ್ತಾರೆ, ನೀನಾ?

ಲೈನ್ ನಂಬರ್ 4:
ನಮಸ್ಕಾರ ಅಣ್ಣ. ನಾನು ಗಾರ್ಮೆಂಟ್ಸಲ್ಲಿ ಹದಿನಾಲ್ಕು ವರ್ಷದಿಂದ ಟೈಲರ್. ಕನಿಷ್ಠ ವೇತನ ಅಂದ್ರೆ ಓನರ್‌ಗಳಿಗೆ ಎದೆ ಡವಡವ ಅನ್ನೋದನ್ನ ತುಂಬಾ ಕೇಳಿದೀನಿ, ಅದಕ್ಕೆ ಬರೀತಿದೀನಿ. ಬೇಜಾರ್ ಮಾಡ್ಕೋಬೇಡಿ.

ನಮ್ಮಲ್ಲಿ ಕನಿಷ್ಠ ವೇತನ ಅಂದ್ರೆ ಅದೇ ಗರಿಷ್ಠ. ಹದಿನಾಲ್ಕು ವರ್ಷದ ಕೈ ನನ್ನದು, ಹೋದ ವರ್ಷ ಸೇರಿದ ಹುಡುಗಿಗೂ ನನಗೂ ಸಂಬಳದಲ್ಲಿ ಇರೋ ವ್ಯತ್ಯಾಸ ಕೇಳಿದ್ರೆ ನಗ್ತೀರ. ವರ್ಷಕ್ಕೊಮ್ಮೆ ಏಪ್ರಿಲ್ 1ಕ್ಕೆ ವಿಡಿಎ (ತುಟ್ಟಿಭತ್ಯೆ) ಏರುತ್ತೆ, ಅದೊಂದೇ ನಮ್ಮ ಇನ್‌ಕ್ರಿಮೆಂಟು. 2020ರಲ್ಲಿ ಕೊರೊನಾ ಹೆಸರು ಹೇಳಿ ಸರ್ಕಾರ ಅದನ್ನೂ ಮುಂದಕ್ಕೆ ಹಾಕ್ತು. ತಿಂಗಳಿಗೆ 417 ರೂಪಾಯಿ 60 ಪೈಸೆ. ಆ 60 ಪೈಸೆನೂ ನೆನಪಿದೆ ನನಗೆ. ಸರ್ಕಾರದ ಆ ಆದೇಶಕ್ಕೆ ಹೈಕೋರ್ಟು ತಡೆ ಕೊಟ್ರೂ ನಮ್ಮ ಫ್ಯಾಕ್ಟರಿಯಲ್ಲಿ ದುಡ್ಡು ಕೈಗೆ ಬಂದಿದ್ದು 2022ರಲ್ಲಿ.

ಇನ್ನೊಂದು ಹೇಳ್ತೀನಿ. ಏಪ್ರಿಲಲ್ಲಿ ಸಂಬಳ ಏರಿದ ಮೇಲೆ ಮೇ ತಿಂಗಳಲ್ಲಿ ಟಾರ್ಗೆಟ್ಟೂ ಏರುತ್ತೆ. ಗಂಟೆಗೆ 80 ಕಾಲರ್ ಇದ್ದಿದ್ದು 90 ಆಯ್ತು. ಬೋರ್ಡ್ ಮೇಲೆ ಸೂಪರ್‌ವೈಸರ್ ಬರೆದ ನಂಬರ್ ನೋಡ್ತಾ ನೀರು ಕುಡಿಯೋದು ಬಿಟ್ವಿ, ಯಾಕಂದ್ರೆ ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕಲ್ಲ. ಸಂಬಳ ಏರಿದ್ರೆ ಕೆಲಸ ಹೋಗುತ್ತೆ ಅಂತೀರ. ನಮ್ಮಲ್ಲಿ ಕೆಲಸ ಹೋಗಲಿಲ್ಲ, ಅದೇ ಜನದ ಕೈಲಿ ಇನ್ನೂ ಹತ್ತು ಕಾಲರ್ ತೆಗೆಸಿದ್ರು.

ಧಾರವಾಡ ಫೇಡೆ:
ಅಕ್ಕಾರು ಹೇಳಿದ್ದು ಖರೇ ಅದ. ನಾ ಕಾಲೇಜಿನ್ಯಾಗ ಅರ್ಥಶಾಸ್ತ್ರ ಕಲಸ್ತೀನಿ. ಈ ಪ್ರಶ್ನೆ ಮ್ಯಾಲೆ ಭಾಳ ದೊಡ್ಡ ಜಗಳ ಆಗೇತಿ. 1992ರ ಏಪ್ರಿಲ್ ದಾಗ ಅಮೆರಿಕಾದ ನ್ಯೂಜೆರ್ಸಿ ರಾಜ್ಯ ತನ್ನ ಕನಿಷ್ಠ ಕೂಲಿ ತಾಸಿಗೆ 4.25 ಡಾಲರ್ ಇದ್ದದ್ದು 5.05 ಮಾಡ್ತು. ಬಾಜೂಕಿನ ಪೆನ್ಸಿಲ್ವೇನಿಯಾ ಮಾಡಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅಂತ ಇಬ್ಬರು ಎರಡೂ ಕಡೆ ಬರ್ಗರ್ ಅಂಗಡಿಗಳಿಗೆ ಫೋನ್ ಹಚ್ಚಿ ಹಚ್ಚಿ ಕೇಳಿದ್ರು. ನ್ಯೂಜೆರ್ಸಿಯೊಳಗ ನೌಕರಿ ಕಡಿಮಿ ಆಗಿರಲಿಲ್ಲ. ಕಾರ್ಡ್‌ಗೆ 2021ರಾಗ ನೊಬೆಲ್ಲೂ ಬಂತು.

ದರ್ಶಿನಿ ಕ್ಯಾಷಿಯರ್:
ಸಾರ್, ಬರ್ಗರ್ ಅಂಗಡಿ ಲೆಕ್ಕ ಪೀಣ್ಯಕ್ಕೆ ಹೊಂದುತ್ತಾ?

ಧಾರವಾಡ ಫೇಡೆ:
ಹೊಂದಂಗಿಲ್ಲ ಅಂತ ಅನ್ನೋರು ಅದಾರ. ಅಲ್ಲೀ ಬರ್ಗರ್ ಅಂಗಡಿಗಳ ಪಗಾರ ಪಟ್ಟಿ ತರಿಸಿ ನ್ಯೂಮಾರ್ಕ್, ವಾಷರ್ ಅನ್ನೋರು ಲೆಕ್ಕ ಮಾಡಿದಾಗ ಬ್ಯಾರೇ ಉತ್ತರ ಬಂದಿತ್ತು. ನಾ ಹೇಳೋದು ಇಷ್ಟ, 'ಕೂಲಿ ಏರಿದ್ರ ನೌಕರಿ ಹೋಗೂದ ಹೋಗೂದು' ಅಂತ ಎದಿ ಬಡ್ಕೊಂಡು ಹೇಳಾಕ ಬರಂಗಿಲ್ಲ.

ಲೆಕ್ಕದಯ್ಯ:
ನೊಬೆಲ್ಲು ಆಮೇಲೆ ನೋಡೋಣ. ಪೀಣ್ಯದವರೇ, ನಾನು ನಿಮ್ಮಂಥ ಮೂವತ್ತು ಯೂನಿಟ್‌ಗಳ ಪುಸ್ತಕ ಬರೆಯುವವನು. ಒಂದು ಕೆಟ್ಟ ಸುದ್ದಿ ಹೇಳ್ಲಾ? ನಿಮ್ಮಲ್ಲಿ ಹತ್ತು ಜನ ಆಗಲೇ ಆಗಿದ್ದಾರೆ. ಇಎಸ್‌ಐ ಲೆಕ್ಕಕ್ಕೆ ಆಯಮ್ಮನೂ ಒಂದು ತಲೆ. 21,000ಕ್ಕಿಂತ ಜಾಸ್ತಿ ಸಂಬಳದವರಿಗೆ ಇಎಸ್‌ಐ ಕಟ್ಟಬೇಕಿಲ್ಲ ನಿಜ, ಆದರೆ ತಲೆ ಎಣಿಸುವಾಗ ಅವರನ್ನೂ ಎಣಿಸ್ತಾರೆ. ಅರೆಹೊತ್ತಿನವರನ್ನೂ ಎಣಿಸ್ತಾರೆ. ಹಾಗಾಗಿ ನೀವು ಸೇರಿಸುವುದು ಹತ್ತನೆಯವನನ್ನಲ್ಲ, ಹನ್ನೊಂದನೆಯವನನ್ನ.

ಪೀಣ್ಯ ಮಿಲ್ಲಿಂಗ್:
ಅಯ್ಯೋ ದೇವ್ರೇ. ಆಯಮ್ಮ ಬರೋದು ದಿನಕ್ಕೆ ಎರಡು ಗಂಟೆ ಸಾರ್!

ಲೆಕ್ಕದಯ್ಯ:
ಅವರು ಎರಡು ಗಂಟೆ ಇದ್ರೂ ಲೆಕ್ಕಕ್ಕೆ ಬರ್ತಾರೆ. ಗಾಬರಿ ಆಗ್ಬೇಡಿ, ಪೂರ್ತಿ ಕೇಳಿ. 2019ರ ಜುಲೈಯಿಂದ ಮಾಲೀಕರ ಪಾಲು 3.25%, ಕೆಲಸಗಾರರದು 0.75%. ಮೊದಲು 4.75 ಮತ್ತು 1.75 ಇತ್ತು. ನಿಮ್ಮ ಏಳು ಜನದ 1,19,000, ಆಯಮ್ಮನ 4,000, ಹೊಸ ಹುಡುಗನ 15,500. ಒಟ್ಟು 1,38,500. ಅದರ 3.25% ಅಂದ್ರೆ 4,501 ರೂಪಾಯಿ. ಅಷ್ಟೇ ನಿಮ್ಮ ಭೂತ. ಆಯಮ್ಮನಿಂದ ಏನೂ ಮುರಿಯಬೇಡಿ, ದಿನದ ಸರಾಸರಿ 176 ರೂಪಾಯಿ ದಾಟದವರಿಗೆ ಅವರ ಪಾಲಿನ ವಂತಿಗೆ ಮಾಫಿ. ಪಿಎಫ್ ಇಪ್ಪತ್ತು ಜನಕ್ಕೆ, ಅದಿನ್ನೂ ದೂರ ಇದೆ.

ಒಳಗೆ ಹೋದ್ರೆ ಹೊರಗೆ ಬರಕ್ಕಾಗಲ್ಲ ಅಂದಿದ್ದು ಮಾತ್ರ ನಿಜ.

ಗುಬ್ಬಿ ಮಂಜ:
ಹೆಂಡ್ತಿ ಹೆಸರಲ್ಲಿ ಇನ್ನೊಂದು ಫರ್ಮ್ ಮಾಡಿ ಐದು ಜನನ ಅಲ್ಲಿ ತೋರ್ಸು. ಪೀಣ್ಯ ಪೂರ್ತಿ ಹಂಗೇ ಮಾಡೋದು.

ಲೆಕ್ಕದಯ್ಯ:
ಮಾಡ್ತಾರೆ, ಸಿಕ್ಕಿನೂ ಬೀಳ್ತಾರೆ. ಒಂದೇ ಗೇಟು, ಒಂದೇ ಕರೆಂಟ್ ಮೀಟರು, ಒಂದೇ ಟೀ ಬಿಲ್ಲು ಇದ್ರೆ ಎರಡನ್ನೂ ಸೇರಿಸಿ ಒಂದೇ ಸಂಸ್ಥೆ ಅಂತ ನೋಟಿಸ್ ಕೊಡ್ತಾರೆ. ಹಿಂದಿನ ವರ್ಷಗಳದ್ದು, ಬಡ್ಡಿ, ದಂಡ ಎಲ್ಲ ಸೇರಿ ಬರುತ್ತೆ. ಇಂಥ ಒಂದು ಫೈಲು ಈಗಲೂ ನನ್ನ ಮೇಜಿನ ಮೇಲಿದೆ. ಅವರ ಹೆಂಡತಿಗೆ ತಾನು ಫ್ಯಾಕ್ಟರಿ ಓನರ್ ಅಂತ ಗೊತ್ತಾಗಿದ್ದೇ ನೋಟಿಸ್ ಬಂದ ಮೇಲೆ.

ಲೈನ್ ನಂಬರ್ 4:
😂😂

ದರ್ಶಿನಿ ಕ್ಯಾಷಿಯರ್:
ನಮ್ಮ ಹೋಟೆಲ್ ಕಡೆ ವಿಷಯ ಬೇರೆ. ಕನಿಷ್ಠ ವೇತನ ಅಂದ್ರೆ ನಮ್ಮಲ್ಲಿ ಯಾರೂ ತಿರುಗಿನೂ ನೋಡಲ್ಲ. ದೋಸೆ ಭಟ್ಟರಿಗೆ 30,000, ಜೊತೆಗೆ ಊಟ, ರೂಮು. ಕ್ಲೀನಿಂಗ್‌ಗೆ ಅಸ್ಸಾಂ, ಒಡಿಶಾ ಹುಡುಗರು, ಅವರೂ 16-17 ಸಾವಿರಕ್ಕೆ ಕಮ್ಮಿ ನಿಲ್ಲಲ್ಲ. ಐನೂರು ರೂಪಾಯಿ ಜಾಸ್ತಿ ಸಿಕ್ಕಿದ್ರೆ ಪಕ್ಕದ ಬೀದಿಗೆ ಹೋಗ್ಬಿಡ್ತಾರೆ. ನಮಗೆ ಹೊಡೆಯೋದು ತೆರಿಗೆ. 2017ರ ನವೆಂಬರ್‌ನಿಂದ ಹೋಟೆಲ್‌ಗೆ 5% ಜಿಎಸ್‌ಟಿ, ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದ್ರೆ ನಾವು ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿ ಕಳೆಯೋ ಹಾಗಿಲ್ಲ. ಬಾಡಿಗೆ ಮೇಲೆ 18, ಕಮರ್ಷಿಯಲ್ ಸಿಲಿಂಡರ್ ಮೇಲೆ 18, ಎಲ್ಲ ನಮ್ಮ ತಲೆ ಮೇಲೆ. ಗಿರಾಕಿ ಮಾತ್ರ ಬಿಲ್ಲಲ್ಲಿ 5% ನೋಡಿ 'ಜಿಎಸ್‌ಟಿನ ನೀವೇ ತಿಂತೀರ' ಅಂತ ಜಗಳಕ್ಕೆ ಬರ್ತಾನೆ.

ಮಲ್ಲೇಶ್ವರದ ಮಾವ:
2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂತಲ್ಲ. ನಮ್ಮ ಬೀದಿ ಕಾಂಡಿಮೆಂಟ್ಸ್‌ನವನು ಕ್ಯೂಆರ್ ಕೋಡ್ ಮೇಲೆ ಕ್ಯಾಲೆಂಡರ್ ನೇತು ಹಾಕಿಬಿಟ್ಟಿದ್ದ. ದುಡ್ಡು ಕೊಡೋಕೆ ಹೋದ್ರೆ 'ಸಾರ್, ಚಿಲ್ಲರೆ'.

ದರ್ಶಿನಿ ಕ್ಯಾಷಿಯರ್:
ಆ ವಾರ ಪೂರ್ತಿ ನಮಗೆ ಚಿಲ್ಲರೆ ಹುಡುಕೋದೇ ಕೆಲಸ. ಆದ್ರೆ ನಿಜ ಹೇಳ್ಬೇಕು, ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದ್ರೆ ರಿಜಿಸ್ಟರ್ ಆಗ್ಬೇಕು ಅನ್ನೋದು ಹೊಸ ಕಾನೂನೇನಲ್ಲ. ದಾಟಿದವರು ಸುಮ್ನಿದ್ರು. ಎಲ್ಲಾ ಕಟ್ಟಿ ಕೂತಿರೋ ನಾವು ಅವರ ಎದುರೇ ಪೈಪೋಟಿ ಮಾಡ್ಬೇಕಿತ್ತು.

ಪೀಣ್ಯ ಮಿಲ್ಲಿಂಗ್:
ವಿಷಯ ದಾರಿ ತಪ್ಪಿತು. ನನ್ನ ಜಿಎಸ್‌ಟಿ ಗೋಳು ಕೇಳಿ. ಜಾಬ್ ವರ್ಕ್‌ಗೆ 12 ಇತ್ತು, 2025ರ ಸೆಪ್ಟೆಂಬರ್ 22ರಿಂದ 18 ಮಾಡಿದ್ರು. ಪಾರ್ಟಿ ಕ್ರೆಡಿಟ್ ತಗೊಳ್ತಾನೆ, ಅವನಿಗೆ ನಷ್ಟ ಇಲ್ಲ. ನಾನು ತಿಂಗಳಿಗೆ ಆರು ಲಕ್ಷ ಬಿಲ್ ಮಾಡ್ತೀನಿ, 20ನೇ ತಾರೀಕಿಗೆ ಟ್ಯಾಕ್ಸ್ ಕಟ್ಲೇಬೇಕು. ಪಾರ್ಟಿ ದುಡ್ಡು ಕೊಡೋದು 90 ದಿನಕ್ಕೆ. ನಾನಿನ್ನೂ ನೋಡದೇ ಇರೋ ದುಡ್ಡಿಗೆ ತೆರಿಗೆ!

ಲೆಕ್ಕದಯ್ಯ:
ಈಗ ಬಂದ್ರಿ ನೋಡಿ ಜಾಗಕ್ಕೆ. ನಿಮ್ಮ ಬ್ಯಾಂಕ್ ಓವರ್‌ಡ್ರಾಫ್ಟ್ (ಓಡಿ) ಬಡ್ಡಿ ಎಷ್ಟು?

ಪೀಣ್ಯ ಮಿಲ್ಲಿಂಗ್:
11%.

ಲೆಕ್ಕದಯ್ಯ:
ಮೂರು ತಿಂಗಳ ಬಿಲ್ 18 ಲಕ್ಷ, ಅದರ ಜಿಎಸ್‌ಟಿ 3.24 ಲಕ್ಷ. ಯಾವಾಗ ನೋಡಿದ್ರೂ ನಿಮ್ಮ 21.24 ಲಕ್ಷ ಪಾರ್ಟಿ ಹತ್ರ ಕೂತಿರುತ್ತೆ. 11% ಬಡ್ಡಿ ಹಿಡಿದ್ರೆ ತಿಂಗಳಿಗೆ 19,470. ಇಎಸ್‌ಐ 4,501 ಅಂತ ರಾತ್ರಿ ನಿದ್ದೆ ಕೆಡಿಸ್ಕೊಂಡಿದ್ರಿ ನೀವು.

ಧಾರವಾಡ ಫೇಡೆ:
ಸ್ವಲ್ಪ ತಡೀರಿ ಅಯ್ಯಾರ. ಬಿಲ್ಲಿನ್ಯಾಗ ಲಾಭನೂ ಐತಿ. ಲಾಭಕ್ಕ ಯಾರೂ ಸಾಲ ತಗೊಳ್ಳಂಗಿಲ್ಲ. ಖರ್ಚು ಮತ್ತ ಕಟ್ಟಿದ ತೆರಿಗಿ ಇಷ್ಟಕ್ಕ ಹಿಡೀರಿ.

ಲೆಕ್ಕದಯ್ಯ:
ಒಪ್ಪಿದೆ. 16 ಲಕ್ಷ ಹಿಡಿಯೋಣ. ತಿಂಗಳಿಗೆ 14,667.

ಧಾರವಾಡ ಫೇಡೆ:
ಅಂದ್ರ ಆ ಹುಡುಗನ ಪಗಾರ ಹೆಚ್ಚೂಕಡಿಮಿ ಆಗಲೇ ಬ್ಯಾಂಕಿಗೆ ಹೊಂಟೈತಿ. ಹುಡುಗ ಒಬ್ಬನು ಬರೂದು ಬಾಕಿ.

ಪೀಣ್ಯ ಮಿಲ್ಲಿಂಗ್:
...ಇದನ್ನ ನಾನು ಹೀಗೆ ಯಾವತ್ತೂ ನೋಡಿರ್ಲಿಲ್ಲ.

ಗುಬ್ಬಿ ಮಂಜ:
ಸಣ್ಣ ಉದ್ಯಮಕ್ಕೆ 45 ದಿನದಲ್ಲಿ ದುಡ್ಡು ಕೊಡ್ಬೇಕು ಅನ್ನೋ ಕಾನೂನು ಇದ್ಯಲ್ಲ? ಎಂಎಸ್‌ಎಂಇ ಅಂತ ಬೋರ್ಡ್ ಹಾಕ್ಕೊಂಡು ಏನ್ ಪ್ರಯೋಜನ?

ಪೀಣ್ಯ ಮಿಲ್ಲಿಂಗ್:
ಇದೆ. 2006ರ ಕಾಯ್ದೆ. ಸರ್ಕಾರದ ಪೋರ್ಟಲಲ್ಲಿ ದೂರು ಕೊಟ್ರೆ ಚಕ್ರಬಡ್ಡಿನೂ ಬರುತ್ತೆ. ನಮ್ಮ ಸಾಲಿನಲ್ಲೇ ಒಬ್ರು ಕೊಟ್ರು. ಬಾಕಿ ಬಂತು. ಆ ಪಾರ್ಟಿಯಿಂದ ಅದಾದ ಮೇಲೆ ಒಂದೇ ಒಂದು ಆರ್ಡರ್ ಬಂದಿಲ್ಲ.

ಲೆಕ್ಕದಯ್ಯ:
ಆದಾಯ ತೆರಿಗೆಯಲ್ಲಿ ಒಂದು ಹೊಸ ನಿಯಮ ಬಂದಿದೆ. 2024ರಿಂದ, ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ದುಡ್ಡು ಕೊಡದಿದ್ರೆ ಆ ಖರ್ಚನ್ನ ಪಾರ್ಟಿ ಆ ವರ್ಷದ ಆದಾಯದಲ್ಲಿ ಕಳೆಯೋ ಹಾಗಿಲ್ಲ. ಒಳ್ಳೇ ಹಗ್ಗ. ಆದ್ರೆ ಕೆಲವು ಪಾರ್ಟಿಗಳು ಏನು ಮಾಡಿದ್ರು ಗೊತ್ತಾ? 'ನಿಮ್ಮ ಉದ್ಯಮ್ (ಎಂಎಸ್‌ಎಂಇ) ರಿಜಿಸ್ಟ್ರೇಷನ್ ವಾಪಸ್ ತಗೊಳ್ಳಿ, ಆಮೇಲೆ ಆರ್ಡರ್ ಮಾತಾಡೋಣ' ಅಂದ್ರು. ಟ್ರೆಡ್ಸ್ ಅನ್ನೋ ಆನ್‌ಲೈನ್ ವೇದಿಕೆ ನೋಡಿ. 250 ಕೋಟಿಗಿಂತ ದೊಡ್ಡ ವಹಿವಾಟಿನ ಕಂಪನಿಗಳು ಅದರಲ್ಲಿ ಸೇರಲೇಬೇಕು. ಅವರು ನಿಮ್ಮ ಬಿಲ್ ಒಪ್ಪಿದ್ರೆ ಬ್ಯಾಂಕಿನವರೇ ಸ್ವಲ್ಪ ಮುರಿದುಕೊಂಡು ಮೊದಲೇ ಕೊಡ್ತಾರೆ, ಓಡಿಗಿಂತ ಕಮ್ಮಿಗೆ ಸಿಗಬಹುದು.

ಕುಡ್ಲದ ಗಾಳಿ:
ನಾನು ಬೆಳ್ತಂಗಡಿ ಕಡೆಯವ ಮಾರಾಯ್ರೆ. ನಮ್ಮಲ್ಲಿ ಬೀಡಿ ಕಟ್ಟದ ಮನೆ ಹುಡುಕಿದರೆ ಸಿಗುವುದು ಕಷ್ಟ ಉಂಟು. ನನ್ನ ಫೀಸು ಕಟ್ಟಿದ್ದು ಅಮ್ಮನ ಬೀಡಿ. ಸಾವಿರ ಬೀಡಿಗೆ ಇಷ್ಟು ಅಂತ ಸರ್ಕಾರ ಕೂಲಿ ನಿಗದಿ ಮಾಡ್ತದೆ, ತುಟ್ಟಿಭತ್ಯೆಯೂ ಉಂಟು. ಆದರೆ ವಾರಕ್ಕೆ ಎಷ್ಟು ಎಲೆ, ಎಷ್ಟು ತಂಬಾಕು ಕೊಡುವುದು ಅನ್ನುವುದು ಕಂಪನಿ ಬ್ರ್ಯಾಂಚಿನವರ ಕೈಯಲ್ಲಿ ಉಂಟು. ರೇಟು ಏರಿದಾಗ ಅವರು ಕೊಡುವ ಎಲೆ, ತಂಬಾಕು ಇಳಿಸ್ತಾರೆ. ಅಮ್ಮನಿಗೆ ವಾರಕ್ಕೆ ಆರು ದಿನ ಇದ್ದ ಕೆಲಸ ಮೂರು ದಿನ ಆಯಿತು. ಕಾಗದದಲ್ಲಿ ಕೂಲಿ ಜಾಸ್ತಿ, ಕೈಯಲ್ಲಿ ಕಡಿಮೆ.

ಇನ್ನೊಂದು ಹಳೆ ಕಥೆ. ಬೀಡಿ ಕಾರ್ಮಿಕರ ಕಾಯ್ದೆ ಬಂದದ್ದು 1966ರಲ್ಲಿ. ಕೇರಳ ಸರ್ಕಾರ ಅದನ್ನು ಗಟ್ಟಿಯಾಗಿ ಜಾರಿ ಮಾಡಿತು, ನಮ್ಮಲ್ಲಿ ಮಾಡಲಿಲ್ಲ. 1968ರಲ್ಲಿ ಮಂಗಳೂರಿನ ದೊಡ್ಡ ಬೀಡಿ ಕಂಪನಿ ಕಣ್ಣೂರಿನ ಕೆಲಸ ಮುಚ್ಚಿ ಈಚೆ ಬಂತು. ಅಲ್ಲಿ ಸಾವಿರಾರು ಜನ ಬೀದಿಗೆ ಬಿದ್ದರು. ಆ ಕೆಲಸ ಬಂದದ್ದು ನಮ್ಮ ಕಡೆಯ ಮನೆ ಜಗಲಿಗೆ. ಹಾಗಾಗಿ 'ಕಾನೂನಿನಿಂದ ಕೆಲಸ ಹೋಗುವುದಿಲ್ಲ' ಅಂತ ಮೇಷ್ಟ್ರು ಹೇಳುವಾಗ ನನಗೆ ನಗು ಬರ್ತದೆ. ಹೋಗ್ತದೆ. ಪಕ್ಕದ ರಾಜ್ಯಕ್ಕೆ ಹೋಗ್ತದೆ.

ಧಾರವಾಡ ಫೇಡೆ:
ಕಥಿ ಅರ್ಧಕ್ಕ ಯಾಕ ನಿಲ್ಲಿಸಿದ್ರಿ? ಅದೇ ಕಣ್ಣೂರಿನ ಮಂದಿ 1969ರಾಗ ದಿನೇಶ್ ಬೀಡಿ ಅಂತ ಸಹಕಾರಿ ಸಂಘ ಕಟ್ಟಿದ್ರು. ಕಾಯ್ದೆ ಪ್ರಕಾರನ ಕೂಲಿ, ರಜಾ, ಬೋನಸ್ ಕೊಟ್ಟು ಹತ್ತಾರು ವರ್ಷ ನಡೆಸಿದ್ರು. ಬೀಡಿ ಸೇದೋರು ಕಡಿಮಿ ಆದ ಮ್ಯಾಲೆ ಛತ್ರಿ, ತೆಂಗಿನಹಾಲು, ಅರಿವಿ ಹೊಲಿಯೂದು ಅಂತ ಹೊಳ್ಳಿದ್ರು. ಕಾಯ್ದೆ ಪಾಲಿಸಿದ್ರ ಧಂದೆ ಮುಳಗತೈತಿ ಅಂತಿದ್ರ ಅದು ಅವತ್ತ ಮುಳಗಬೇಕಿತ್ತು.

ಕುಡ್ಲದ ಗಾಳಿ:
ಅದಕ್ಕೆ ಸರ್ಕಾರ ದುಡ್ಡು ಹಾಕಿತ್ತು ಮೇಷ್ಟ್ರೆ. ಪೀಣ್ಯದವರಿಗೆ ಯಾರು ಹಾಕ್ತಾರೆ?

ಧಾರವಾಡ ಫೇಡೆ:
ಅದು ಬರೊಬ್ಬರಿ ಪ್ರಶ್ನೆ. ಅದಕ್ಕ ನನ್ನ ಹತ್ರ ಉತ್ತರ ಇಲ್ಲ.

ಲೈನ್ ನಂಬರ್ 4:
ಗಾರ್ಮೆಂಟ್ಸೂ ಹಂಗೇ. ವೇತನಕ್ಕೆ ವಲಯ ಇದೆ, ಬೆಂಗಳೂರಿಗೊಂದು, ಸಣ್ಣ ಊರಿಗೊಂದು. ಮದ್ದೂರು, ಹಾಸನದ ಕಡೆ ಯೂನಿಟ್ ಹಾಕ್ತಿದಾರೆ. ನಮ್ಮ ಲೈನಿನ ಮಿಷನ್‌ಗಳನ್ನ ಒಂದು ಭಾನುವಾರ ಲಾರಿಗೆ ಏರಿಸಿದ್ರು. ಸೋಮವಾರ ಬಂದ್ರೆ ನೆಲದಲ್ಲಿ ಬರೀ ಬೋಲ್ಟ್ ತೂತು. ಆದ್ರೆ ಹಾಸನದ ಹುಡುಗಿಗೆ ಅವಳ ಊರಲ್ಲೇ ಕೆಲಸ ಸಿಕ್ತು. ಅವಳ ಮೇಲೆ ನಾನು ಹೊಟ್ಟೆ ಉರ್ಕೊಳ್ಳಲ್ಲ. ಅವಳಿಗೂ ನಮ್ಮಷ್ಟೇ ಕೊಡಿ ಅಂತೀನಿ, ಆಗ ಲಾರಿ ಬಾಡಿಗೆ ದಂಡ ಅನ್ಸುತ್ತೆ ಅವರಿಗೆ.

ಲೀಡ್ಸ್‌ನಿಂದ ನಮಸ್ಕಾರ:
ಇಲ್ಲಿನದು ಒಂದು ಸೇರಿಸ್ತೀನಿ. ಬ್ರಿಟನ್ನಲ್ಲಿ 2025ರ ಏಪ್ರಿಲ್‌ನಲ್ಲಿ ಎರಡೂ ಒಟ್ಟಿಗೆ ಏರಿದವು. ಕನಿಷ್ಠ ವೇತನ ಗಂಟೆಗೆ 12.21 ಪೌಂಡ್, ಮಾಲೀಕರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ 13.8ರಿಂದ 15%. ಅದು ಶುರುವಾಗುವ ಮಿತಿ ವರ್ಷಕ್ಕೆ 9,100 ಪೌಂಡ್ ಇದ್ದದ್ದು 5,000ಕ್ಕೆ ಇಳಿಯಿತು. ನನ್ನ ಸ್ನೇಹಿತರದೊಂದು ರೆಸ್ಟೋರೆಂಟ್ ಇದೆ. ಯಾರನ್ನೂ ತೆಗೆಯಲಿಲ್ಲ, ಆದರೆ ಮಂಗಳವಾರ ಮಧ್ಯಾಹ್ನ ಮುಚ್ಚಲು ಶುರು ಮಾಡಿದರು. ಅಲ್ಲಿ ಪಾರ್ಟ್ ಟೈಮ್ ಮಾಡುತ್ತಿದ್ದ ವಿದ್ಯಾರ್ಥಿಗಳ ಗಂಟೆ ಹೋಯಿತು. ಉದ್ಯೋಗದ ಲೆಕ್ಕದಲ್ಲಿ ಅವರು ಈಗಲೂ 'ಉದ್ಯೋಗಿ'ಗಳೇ. ಜೊತೆಗೆ ವರ್ಷಕ್ಕೆ 10,500 ಪೌಂಡ್‌ವರೆಗೆ ರಿಯಾಯಿತಿ ಕೊಟ್ಟರು, ಅದರಿಂದ ಬಹಳ ಸಣ್ಣವರು ಬದುಕಿಕೊಂಡರು.

ಮಲ್ಲೇಶ್ವರದ ಮಾವ:
ಅಲ್ಲಿ ದೋಸೆ ಎಷ್ಟು?

ಲೀಡ್ಸ್‌ನಿಂದ ನಮಸ್ಕಾರ:
ಹೇಳಿದ್ರೆ ನಿಮಗೆ ಬಿಪಿ ಏರುತ್ತೆ ಮಾವ.

ಕಾಲೇಜು ಕಟ್ಟೆ:
ಒಂದು ಡೌಟು. 2019ರಲ್ಲಿ ಕಂಪನಿಗಳ ತೆರಿಗೆ 30ರಿಂದ 22ಕ್ಕೆ ಇಳಿಸಿದ್ರಲ್ಲ, ಹೊಸ ಫ್ಯಾಕ್ಟರಿಗೆ 15. ಅದರಿಂದ ಪೀಣ್ಯದಲ್ಲಿ ಕೆಲಸ ಜಾಸ್ತಿ ಆಯ್ತಾ?

ಲೆಕ್ಕದಯ್ಯ:
ಅದು ಕಂಪನಿಗಳಿಗೆ. ಪಾಲುದಾರಿಕೆ ಫರ್ಮ್‌ಗಳಿಗೆ ಈಗಲೂ 30%. ನಮ್ಮ ಪೀಣ್ಯದವರು ಒಬ್ಬರೇ ಮಾಲೀಕರು ಅನ್ಸುತ್ತೆ. ಅವರಿಗೆ ಅಂದಾಜು ಲಾಭದ ಪದ್ಧತಿ ಇದೆ, ಬ್ಯಾಂಕಲ್ಲಿ ಬಂದ ವಹಿವಾಟಿನ 6% ಲಾಭ ತೋರಿಸಿದ್ರೆ ಸಾಕು. 72 ಲಕ್ಷಕ್ಕೆ 4.32 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಸೊನ್ನೆ. 'ತೆರಿಗೆ ತೆರಿಗೆ' ಅಂತ ಕೂಗ್ತಾರಲ್ಲ, ಲಾಭದ ಮೇಲಿನ ತೆರಿಗೆ ಇವರಿಗೆ ತಗಲೋದೇ ಇಲ್ಲ. ತಗಲೋದು ಬಾರದ ದುಡ್ಡಿಗೆ ಕಟ್ಟೋ ಜಿಎಸ್‌ಟಿ.

ಗುಬ್ಬಿ ಮಂಜ:
ಪೀಣ್ಯಣ್ಣ, ಸಿಕ್ಕಿಬಿದ್ದೆ 😄

ಪೀಣ್ಯ ಮಿಲ್ಲಿಂಗ್:
ಸರಿ ಸರಿ. ಆದ್ರೆ ಕನಿಷ್ಠ ವೇತನದ ಕರಡು ಹಾಗೇ ಜಾರಿ ಆದ್ರೆ? 15,500 ಇದ್ದದ್ದು 20 ದಾಟುತ್ತೆ. ನನ್ನ ವಿಎಂಸಿ ರೇಟ್ ಗಂಟೆಗೆ 400. ಆರು ವರ್ಷದಿಂದ ಅದೇ 400.

ಲೈನ್ ನಂಬರ್ 4:
ಅಣ್ಣ, ಆ ಲೆಕ್ಕ ಎಲ್ಲಿಂದ ಬಂತು ಅಂತ ನಮ್ಮ ಯೂನಿಯನ್ ಕ್ಲಾಸಲ್ಲಿ ಹೇಳಿದ್ರು. 1957ರಲ್ಲಿ ಕಾರ್ಮಿಕ ಸಮ್ಮೇಳನದಲ್ಲಿ ಒಪ್ಪಿದ್ದು. ಒಬ್ಬರಿಗೆ ದಿನಕ್ಕೆ 2,700 ಕ್ಯಾಲೊರಿ ಊಟ, ಮನೆಯವರಿಗೆಲ್ಲ ಸೇರಿ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ-ದೀಪ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಆಸ್ಪತ್ರೆ ಅಂತ ಇನ್ನೊಂದು 25% ಸೇರಿಸ್ತು. ಇದರಲ್ಲಿ ಮೊಬೈಲ್ ಇಲ್ಲ, ಬಸ್ ಪಾಸ್ ಇಲ್ಲ. ನಿಮ್ಮ ಹುಡುಗನ ರೂಮ್ ಬಾಡಿಗೆ ಎಷ್ಟು ಅಂತ ಯಾವತ್ತಾದ್ರೂ ಕೇಳಿದೀರಾ?

ಪೀಣ್ಯ ಮಿಲ್ಲಿಂಗ್:
ಕೇಳಿಲ್ಲ ಅಕ್ಕ. ಕೇಳ್ತೀನಿ.

ಧಾರವಾಡ ಫೇಡೆ:
ಆರು ವರ್ಷದಿಂದ 400 ಅಂದ್ರಲ್ಲ, ಅದ ಐತಿ ನೋಡ್ರಿ ರೋಗ. ಕಾರ್ಮಿಕರಿಗೆ ಕನಿಷ್ಠ ಕೂಲಿ ಐತಿ, ನಿಮ್ಮ ಮಿಷನ್ನಿಗೆ ಕನಿಷ್ಠ ಕೂಲಿ ಇಲ್ಲ. ಕೂಲಿ ಎಲ್ಲಾರಿಗೂ ಒಮ್ಮೆಲೇ ಏರಿದ್ರ ನಿಮ್ಮ ಬಾಜೂ ಶೆಡ್ಡಿನವರೂ 400ಕ್ಕ ಮಾಡಾಕ ಆಗಂಗಿಲ್ಲ. ಆವಾಗ ಪಾರ್ಟಿ ಮುಂದ ಕೂತು 480 ಕೇಳಾಕ ನಿಮಗ ಒಂದು ಕಾಗದ ಸಿಗತೈತಿ.

ದರ್ಶಿನಿ ಕ್ಯಾಷಿಯರ್:
ಪಾರ್ಟಿ ಕೆಲಸನ ಹೊಸೂರಿಗೆ ಕಳಿಸ್ತಾನೆ ಅಷ್ಟೇ. ಬೀಡಿ ಕಥೆ ಮರೆತ್ರಾ?

ಪೀಣ್ಯ ಮಿಲ್ಲಿಂಗ್:
ಒಂದು ವಾರ ಆಯ್ತು, ಏನಾಯ್ತು ಹೇಳ್ತೀನಿ. ಇಎಸ್‌ಐಗೆ ಅರ್ಜಿ ಹಾಕಿದೆ. ಹುಡುಗರಿಗೆ ಹೇಳಿದಾಗ ತಮಾಷೆ ನೋಡಿ, ಅವರೇನೂ ಮುರಿತ ಅಂತ ಗೊಣಗಲಿಲ್ಲ. ಆಪರೇಟರ್ ಒಬ್ಬ ಒಳಗೆ ಕರೆದು 'ಸಾರ್, ನನ್ನ ಸಂಬಳ 24ರಿಂದ 21ಕ್ಕೆ ಇಳಿಸಿ ನನ್ನನ್ನೂ ಇಎಸ್‌ಐಗೆ ಸೇರಿಸಿ, ಹೆಂಡ್ತಿ ಡೆಲಿವರಿ ಇದೆ' ಅಂದ. ಹೊರಗಿನ ಆಸ್ಪತ್ರೆಯಲ್ಲಿ ಎಷ್ಟಾಗುತ್ತೆ ಅಂತ ಅವನು ವಿಚಾರಿಸಿಕೊಂಡು ಬಂದಿದ್ದ. ನನಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಸಂಬಳ ಇಳಿಸಲ್ಲ, ಡೆಲಿವರಿಗೆ ಅಡ್ವಾನ್ಸ್ ಕೊಡ್ತೀನಿ ಅಂದೆ.

ಪಾರ್ಟಿ ಹತ್ರ ಹೋಗಿ 440 ಕೇಳ್ದೆ. ಪರ್ಚೇಸ್‌ನವನು ಕಾಫಿ ಕೊಟ್ಟು 415 ಅಂದ. ಟ್ರೆಡ್ಸ್ ಬಗ್ಗೆ ಕೇಳಿದ್ದಕ್ಕೆ 'ಫೈನಾನ್ಸ್‌ನವ್ರನ್ನ ಕೇಳಿ' ಅಂದ. ಫೈನಾನ್ಸ್‌ನವ್ರು 'ಪರ್ಚೇಸ್‌ನವ್ರನ್ನ ಕೇಳಿ' ಅಂದ್ರು.

ಹುಡುಗನಿಗೆ ಸೋಮವಾರದಿಂದ ಬಾ ಅಂದಿದೀನಿ. ರೂಮ್ ಬಾಡಿಗೆ ಕೇಳ್ದೆ ಅಕ್ಕ. ಮೂರು ಜನ ಸೇರಿ 7,500 ಕೊಡ್ತಾರಂತೆ, ನೀರು ದಿನ ಬಿಟ್ಟು ದಿನ. 16,000 ಮಾಡಿದೆ.

ಲೈನ್ ನಂಬರ್ 4:
🙏

ಗುಬ್ಬಿ ಮಂಜ:
ಅಣ್ಣ, ನಮ್ಮ ಚಿಕ್ಕಪ್ಪನ ಮಗ ಐಟಿಐ ಟರ್ನರ್ ಮುಗಿಸಿದಾನೆ. ನಿನ್ನಲ್ಲಿ ಜಾಗ ಇದ್ಯಾ?

ಪೀಣ್ಯ ಮಿಲ್ಲಿಂಗ್:
ನೀನೇ ಅಲ್ವೇನೋ ಮಿಷನ್ ತಗೋ ಅಂದಿದ್ದು? ಸಿಎನ್‌ಸಿ ಮಿಷನ್ನಿನ ಫ್ಯಾನುಕ್ ಕಂಟ್ರೋಲ್ ಬರುತ್ತಾ ಅವನಿಗೆ?